ಓದುಗರ ಪ್ರಶ್ನೆ: ‘ರೇನ್ ಮ್ಯಾನ್’ ಚಿತ್ರದ ಅಣ್ಣ, ನಮ್ಮ ಮನೆಯ ಅಣ್ಣ

ಅಣ್ಣತಮ್ಮಂದಿರ ಸಂಬಂಧವನ್ನು ಕುರಿತ ಚಲನಚಿತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ 1988ರ ‘ರೇನ್ ಮ್ಯಾನ್’ ಚಿತ್ರವನ್ನು ಎರಡು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಅದಕ್ಕೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳು ಸಿನಿಮಾಕ್ಕಿಂತ ಹೆಚ್ಚಾಗಿ ಮನೆಯ ಮಾತನ್ನೇ ಆಡಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಯಾರ ಹೆಸರನ್ನೂ ಕೊಟ್ಟಿಲ್ಲ.

ಚಿತ್ರ ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಲಾಸ್ ಏಂಜಲೀಸಿನಲ್ಲಿ ದುಬಾರಿ ಕಾರುಗಳ ವ್ಯಾಪಾರ ಮಾಡುವ ಚಾರ್ಲಿಗೆ ತಂದೆಯ ಉಯಿಲಿನಿಂದ ಸಿಗುವುದು 1949ರ ಒಂದು ಬ್ಯೂಕ್ ಕಾರು ಮತ್ತು ಗುಲಾಬಿ ಗಿಡಗಳು ಮಾತ್ರ. ಉಳಿದ 30 ಲಕ್ಷ ಡಾಲರ್ ಹಣ, ತನಗೊಬ್ಬ ಅಣ್ಣನಿದ್ದಾನೆಂದು ಅವನಿಗೆ ಗೊತ್ತೇ ಇರದ ರೇಮಂಡನ ಪಾಲನೆಗೆ ಹೋಗಿರುತ್ತದೆ. ಆಟಿಸಂ (ಮಾತು, ಒಡನಾಟ, ನಡವಳಿಕೆಗಳನ್ನು ಬೇರೆಯಾಗಿಸುವ, ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ) ಇರುವ ರೇಮಂಡ್ ಸಿನ್ಸಿನಾಟಿಯ ಒಂದು ಆಶ್ರಯ ಸಂಸ್ಥೆಯಲ್ಲಿ ಬೆಳೆದವನು. ಹಣದ ಆಸೆಗೆ ಚಾರ್ಲಿ ಅವನನ್ನು ಅಲ್ಲಿಂದ ಕರೆದುಕೊಂಡು ಹೊರಡುತ್ತಾನೆ. ಅಣ್ಣ ವಿಮಾನ ಹತ್ತಲು ಒಪ್ಪದ ಕಾರಣ ಇಬ್ಬರೂ ಅದೇ ಕಾರಿನಲ್ಲಿ ಅಮೆರಿಕವನ್ನು ದಾಟಬೇಕಾಗುತ್ತದೆ. ಡಸ್ಟಿನ್ ಹಾಫ್‌ಮನ್ ಅಣ್ಣನಾಗಿ, ಟಾಮ್ ಕ್ರೂಸ್ ತಮ್ಮನಾಗಿ ನಟಿಸಿದ, ಬ್ಯಾರಿ ಲೆವಿನ್ಸನ್ ನಿರ್ದೇಶಿಸಿದ ಈ ಚಿತ್ರಕ್ಕೆ 4 ಆಸ್ಕರ್ ಪ್ರಶಸ್ತಿಗಳು ಬಂದವು.

ಪ್ರಶ್ನೆ: ನನಗಿಂತ ಐದು ವರ್ಷ ದೊಡ್ಡವನಾದ ಅಣ್ಣನಿಗೆ ಆಟಿಸಂ ಇದೆ. ಮಾತು ಬಹಳ ಕಡಿಮೆ. ತುಂಗಭದ್ರಾ ಅಣೆಕಟ್ಟು ನೋಡಲು ಹೋದಾಗಲೆಲ್ಲ ಒಂದರಿಂದ ಮೂವತ್ತಮೂರರವರೆಗೆ ಗೇಟುಗಳನ್ನು ಗಟ್ಟಿಯಾಗಿ ಎಣಿಸುತ್ತಾನೆ. 2024ರ ಆಗಸ್ಟ್‌ನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದುದನ್ನು ಟಿ.ವಿ.ಯಲ್ಲಿ ನೋಡಿದಂದಿನಿಂದ ‘ಹದಿನೆಂಟು, ಹತ್ತೊಂಬತ್ತ್ ಇಲ್ಲ, ಇಪ್ಪತ್ತು’ ಎಂದೇ ಎಣಿಸುತ್ತಾನೆ. ಅವ್ವ ತವರಿಗೆ ಹೋದ ದಿನವಂತೂ ಮನೆಯಲ್ಲಿ ಕುಳಿತೇ ‘ಹತ್ತೊಂಬತ್ತ್ ಇಲ್ಲ, ಹತ್ತೊಂಬತ್ತ್ ಇಲ್ಲ’ ಎನ್ನುತ್ತಿರುತ್ತಾನೆ. ‘ರೇನ್ ಮ್ಯಾನ್’ ನೋಡಿದ ಗೆಳೆಯರು ‘ನಿಮ್ಮಣ್ಣಗೂ ಹಂಗ ಏನರ ವಿಶೇಷ ಶಕ್ತಿ ಐತೇನು?’ ಎಂದು ಕೇಳುತ್ತಾರೆ. ಇಲ್ಲ ಎನ್ನಲು ಏಕೋ ಸಂಕೋಚ. ಚಿತ್ರದಲ್ಲಿ ತೋರಿಸಿದ್ದು ಎಷ್ಟು ನಿಜ? (ಕೊಪ್ಪಳ ತಾಲ್ಲೂಕಿನ ಓದುಗರು)

ಉತ್ತರ: ತಾವು ಸಂಕೋಚಪಡಬೇಕಾದ ಕಾರಣವೇ ಇಲ್ಲ. ಚೆಲ್ಲಿದ 246 ಟೂತ್‌ಪಿಕ್‌ಗಳನ್ನು ಕಣ್ಣಳತೆಯಲ್ಲಿ ಹೇಳುವುದು, ಟೆಲಿಫೋನ್ ಡೈರೆಕ್ಟರಿಯನ್ನು ಬಾಯಿಪಾಠ ಮಾಡುವುದು, ಲಾಸ್ ವೇಗಸ್ಸಿನಲ್ಲಿ ಇಸ್ಪೀಟಿನ ಲೆಕ್ಕ ಹಿಡಿಯುವುದು ಇವೆಲ್ಲ ‘ಸಾವಂಟ್’ ಎಂದು ಕರೆಯಲಾಗುವ ಅಪರೂಪದ ಸಾಮರ್ಥ್ಯಗಳು. ಆಟಿಸಂ ಇರುವ ಕೆಲವರಲ್ಲಿ ಮಾತ್ರ ಅವು ಕಾಣುತ್ತವೆ, ಬಹುಪಾಲು ಜನರಲ್ಲಿ ಇಲ್ಲ. ಚಿತ್ರ ಸುಳ್ಳು ಹೇಳಿಲ್ಲ, ಅದು ಒಬ್ಬನ ಕಥೆಯನ್ನು ಹೇಳಿತು. ಆ ಒಬ್ಬನನ್ನು ಎಲ್ಲರಿಗೂ ಅಳತೆಗೋಲು ಮಾಡಿಕೊಂಡವರು ನೋಡುಗರು. ಬಳ್ಳಾರಿಯಲ್ಲಿ ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ ಈ ಚಿತ್ರವನ್ನು ಮೊದಲ ಸಲ ನೋಡಿದಾಗ ಟೂತ್‌ಪಿಕ್ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಚಿತ್ರದ ನಿಜವಾದ ಗಟ್ಟಿತನ ಇರುವುದು ಚಪ್ಪಾಳೆ ಗಿಟ್ಟಿಸದ ದೃಶ್ಯಗಳಲ್ಲಿ. ಪ್ಯಾನ್‌ಕೇಕ್ ಬರುವ ಮೊದಲೇ ಅದಕ್ಕೆ ಹಾಕಿಕೊಳ್ಳುವ ಸಿಹಿಪಾಕ ಮೇಜಿನ ಮೇಲಿರಬೇಕು, ಒಳಚಡ್ಡಿ ಒಂದೇ ಅಂಗಡಿಯದಾಗಿರಬೇಕು, ಟಿ.ವಿ. ಕಾರ್ಯಕ್ರಮ ಒಂದು ನಿಮಿಷವೂ ತಪ್ಪಕೂಡದು, ಮಳೆ ಬಂದರೆ ಹೊರಗೆ ಕಾಲಿಡುವುದಿಲ್ಲ. ಗಾಬರಿಯಾದಾಗ ರೇಮಂಡ್ ಹಳೆಯ ಹಾಸ್ಯಜೋಡಿಯೊಂದರ ಸಂಭಾಷಣೆಯನ್ನು, ಅದರ ನಗೆಯನ್ನು ಬಿಟ್ಟು, ಒಂದೇ ಸಮನೆ ಹೇಳತೊಡಗುತ್ತಾನೆ. ತಮ್ಮನಿಗೆ ಅದು ತಲೆ ಚಿಟ್ಟು ಹಿಡಿಸುವ ಗೊಣಗಾಟವಾಗಿ ಕೇಳಿಸುತ್ತದೆ. ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವ ಈ ರೂಢಿಗೆ ತಜ್ಞರು ‘ಎಕೋಲೇಲಿಯಾ’ ಎನ್ನುತ್ತಾರೆ. ಒಂದು ಕಾಲಕ್ಕೆ ಅರ್ಥಹೀನವೆಂದು ಬಿಟ್ಟಿದ್ದ ಅದನ್ನು ಈಗ ಸಂವಹನದ ಒಂದು ಬಗೆಯೆಂದೇ ನೋಡಲಾಗುತ್ತದೆ. ಇದ್ದ ಒಂದು ಮಾತನ್ನೇ ತೆಗೆದು, ಬೇರೆ ಮಾತು ಸಿಗದ ಜಾಗದಲ್ಲಿ ಇಡುವುದು ಅದರ ಕ್ರಮ.

ಈಗ ಅವ್ವ ತವರಿಗೆ ಹೋದ ದಿನದ ಬಗ್ಗೆ ತಮ್ಮ ಪತ್ರದಲ್ಲಿರುವ ಸಂಗತಿಯನ್ನು ತಾವೇ ಮತ್ತೊಮ್ಮೆ ಓದಿ ನೋಡಿ. ಇರಬೇಕಾದದ್ದು ಇದ್ದ ಜಾಗದಲ್ಲಿ ಇಲ್ಲದಿರುವುದನ್ನು ತಮ್ಮ ಅಣ್ಣ ಮೊದಲು ಕಂಡದ್ದು ಅಣೆಕಟ್ಟಿನಲ್ಲಿ. ಅವ್ವ ಇಲ್ಲದ ದಿನ ಅದೇ ಮಾತು ಬರುತ್ತದೆ. ದೂರ ಕುಳಿತ ನಾನು ಇದನ್ನು ಖಚಿತವಾಗಿ ಹೇಳಲಾರೆನಾದರೂ, ‘ಹತ್ತೊಂಬತ್ತ್ ಇಲ್ಲ’ ಎಂದರೆ ‘ಅವ್ವ ಇಲ್ಲ’ ಎಂದೇ ಇರಬಹುದೆಂದು ನನಗನ್ನಿಸುತ್ತದೆ. ಬಹುಶಃ ತಮಗೂ ಹಾಗೆಯೇ ಅನ್ನಿಸಿರಬೇಕು, ಇಲ್ಲವಾದರೆ ಆ ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದು ಬರೆಯುತ್ತಿರಲಿಲ್ಲ. ಮುಂದಿನ ಸಲ ಅವ್ವ ಹೊರಡುವ ಹಿಂದಿನ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಹೋಗುವ ದಿನಕ್ಕೂ ಬರುವ ದಿನಕ್ಕೂ ಗುರುತು ಹಾಕಿ, ನಡುವಿನ ದಿನಗಳನ್ನು ಅಣ್ಣನ ಕೈಯಿಂದಲೇ ಹೊಡೆಸಿ. ‘ಹತ್ತೊಂಬತ್ತ್ ಇಲ್ಲ’ ಎಂದಾಗ ಸುಮ್ಮನಿರು ಎನ್ನದೆ, ‘ಅವ್ವ ಸೋಮವಾರ ಬರ್ತಾಳ’ ಎಂದು ಪ್ರತಿ ಸಲವೂ ಅದೇ ಮಾತಿನಲ್ಲಿ ಹೇಳಿ. ಗೆಳೆಯರಿಗೆ ‘ವಿಶೇಷ ಶಕ್ತಿ ಏನೂ ಇಲ್ಲ’ ಎಂದು ನೇರವಾಗಿ ಹೇಳಿಬಿಡಿ.

ಪ್ರಶ್ನೆ: ರೇಮಂಡ್ ನಿಜವಾಗಿ ಇದ್ದ ವ್ಯಕ್ತಿಯೇ? (ಸಿರುಗುಪ್ಪದ ಓದುಗರು)

ಉತ್ತರ: ಪಾತ್ರ ಕಲ್ಪಿತ. ಅದಕ್ಕೆ ಪ್ರೇರಣೆಯಾದವರು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಕಿಮ್ ಪೀಕ್ (1951–2009). ಕಥೆಗಾರ ಬ್ಯಾರಿ ಮಾರೋ ಅವರನ್ನು 1984ರಲ್ಲಿ ಭೇಟಿಯಾಗಿದ್ದರು. ಸಾವಿರಾರು ಪುಸ್ತಕಗಳು ನೆನಪಿನಲ್ಲಿದ್ದ ಪೀಕ್ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗುತ್ತಿತ್ತು. ತಂದೆ ಜೀವನದುದ್ದಕ್ಕೂ ಜೊತೆಗಿದ್ದು ನೋಡಿಕೊಂಡರು. ಸ್ವಾರಸ್ಯದ ಸಂಗತಿಯೆಂದರೆ ಪೀಕ್ ಅವರಿಗೆ ಇದ್ದದ್ದು ಆಟಿಸಂ ಅಲ್ಲವೆಂಬುದೇ ನಂತರದ ತಜ್ಞರ ಅಭಿಪ್ರಾಯ. ಮಿದುಳಿನ ಎರಡು ಭಾಗಗಳನ್ನು ಜೋಡಿಸುವ ನರತಂತುಗಳ ಕಟ್ಟು ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ.

ಪ್ರಶ್ನೆ: ನಮ್ಮದು ಕಾಲುವೆ ನೀರಿನ ಆರು ಎಕರೆ ಭತ್ತದ ಗದ್ದೆ. ‘ದೊಡ್ಡವಗ ಆಸ್ತಿ ಯಾಕ ಬೇಕು, ನೀನ ನೋಡ್ಕೋತೀಯಲ್ಲ’ ಎಂದು ಅಪ್ಪ ಎಲ್ಲವನ್ನೂ ನನ್ನ ಹೆಸರಿಗೆ ಮಾಡಲು ಹೊರಟಿದ್ದಾರೆ. ಆಟಿಸಂ ಇರುವ ಅಣ್ಣನನ್ನು ನಾನು ಖಂಡಿತ ನೋಡಿಕೊಳ್ಳುತ್ತೇನೆ. ಆದರೂ ಚಿತ್ರ ನೋಡಿದ ಮೇಲೆ ಮನಸ್ಸು ಒಪ್ಪುತ್ತಿಲ್ಲ. (ಸಿಂಧನೂರಿನ ಓದುಗರು)

ಉತ್ತರ: ಚಿತ್ರದ ತಂದೆ ಇದಕ್ಕೆ ತದ್ವಿರುದ್ಧವಾಗಿ, ಎಲ್ಲವನ್ನೂ ಒಂದು ಟ್ರಸ್ಟಿನ ಮೂಲಕ ಹಿರಿಯ ಮಗನಿಗೆ ಬಿಟ್ಟು, ಕಿರಿಯನಿಗೆ ಅಣ್ಣನ ಸುದ್ದಿಯನ್ನೂ ಹೇಳದೆ ಹೋದ. ಎರಡೂ ಸರಿಯಲ್ಲ. ಕಾನೂನಿನ ಮಾತು ಮೊದಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಂ ಪ್ರಕಾರ ಕಾಯಿಲೆಯಾಗಲಿ, ದೇಹದ ಊನವಾಗಲಿ ಯಾರನ್ನೂ ವಾರಸುದಾರಿಕೆಯಿಂದ ಹೊರಗಿಡುವುದಿಲ್ಲ. ಗದ್ದೆ ಪಿತ್ರಾರ್ಜಿತವಾಗಿದ್ದರೆ ತಾವಿಬ್ಬರೂ ಹುಟ್ಟಿನಿಂದಲೇ ಅದರ ಪಾಲುದಾರರು. ಆಟಿಸಂ ಅನ್ನು 21 ಅಂಗವಿಕಲತೆಗಳಲ್ಲಿ ಒಂದಾಗಿ ಸೇರಿಸಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಆಸ್ತಿ ಹೊಂದುವ ಹಕ್ಕು ಎಲ್ಲರಂತೆ ಅವರಿಗೂ ಉಂಟೆಂದು ಹೇಳುತ್ತದೆ.

ಅಣ್ಣನ ಪಾಲನ್ನು ಅಣ್ಣನ ಹೆಸರಿನಲ್ಲೇ ಇಟ್ಟು, ತಾವು ಅವರ ಪೋಷಕರಾಗುವುದು ಒಳ್ಳೆಯ ದಾರಿ. ಆಟಿಸಂ ಇರುವವರಿಗೆ 18 ವರ್ಷ ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಅವಕಾಶವಿದೆ. ಅರ್ಜಿಯನ್ನು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಸಲ್ಲಿಸಬೇಕು. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಆಮೇಲೆ ವರ್ಷವರ್ಷ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ಇದು ತಮ್ಮ ಮೇಲಿನ ಅಪನಂಬಿಕೆಯಲ್ಲ. ತಮ್ಮ ನಂತರ ಯಾರು ಎಂಬ ಪ್ರಶ್ನೆಗೆ ಕಾಗದದ ಮೇಲೆ ಒಂದು ಉತ್ತರ ಇರಲಿ ಎಂಬುದಷ್ಟೇ. ಅಪ್ಪನವರು ‘ಹುಡುಗ ಕಚೇರಿ ಅಲೆಯಬೇಕಾದೀತು’ ಎಂದು ಹಿಂಜರಿದರೆ, ತಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕಿನ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಒಮ್ಮೆ ಮನೆಗೆ ಕರೆದು ಮಾತಾಡಿಸಿ. ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇನ್ನೂ ಆಗಿಲ್ಲವಾದರೆ ಮೊದಲು ಅದನ್ನು ಮಾಡಿಸಿ, ಮುಂದಿನ ಕಾಗದಗಳಿಗೆಲ್ಲ ಅದು ಬೇಕಾಗುತ್ತದೆ.

ಪ್ರಶ್ನೆ: ಮಗು ಹೀಗಾದದ್ದು ತಾಯಿ ಎತ್ತಿ ಆಡಿಸದೇ ಇದ್ದುದಕ್ಕೆ ಎಂದು ನಮ್ಮತ್ತೆ ಹೇಳುತ್ತಾರೆ. (ಬಳ್ಳಾರಿಯ ಓದುಗರು)

ಉತ್ತರ: ತಮ್ಮ ಅತ್ತೆಯವರೊಬ್ಬರೇ ಅಲ್ಲ, ಒಂದು ಕಾಲಕ್ಕೆ ಅಮೆರಿಕದ ದೊಡ್ಡ ದೊಡ್ಡ ಪಂಡಿತರೂ ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣವೆಂದು ಬರೆದಿದ್ದರು. ಅದು ತಪ್ಪೆಂದೂ, ಕಾರಣ ಮಿದುಳಿನ ಬೆಳವಣಿಗೆಯಲ್ಲಿದೆಯೆಂದೂ 1964ರಲ್ಲಿ ಪುಸ್ತಕ ಬರೆದು ವಾದಿಸಿದ ಬರ್ನಾರ್ಡ್ ರಿಮ್ಲೆಂಡ್ ಸ್ವತಃ ಆಟಿಸಂ ಇದ್ದ ಮಗನ ತಂದೆ. ಮುಂದೆ ‘ರೇನ್ ಮ್ಯಾನ್’ ಚಿತ್ರಕ್ಕೆ ಸಲಹೆಗಾರರಾಗಿದ್ದವರೂ ಅವರೇ. ಅತ್ತೆಯವರಿಗೆ ಇಷ್ಟನ್ನು ಓದಿ ಹೇಳಿ.

ಪ್ರಶ್ನೆ: ಅಷ್ಟು ಹತ್ತಿರವಾದ ಮೇಲೂ ಕೊನೆಯಲ್ಲಿ ಅಣ್ಣನನ್ನು ಸಂಸ್ಥೆಗೆ ವಾಪಸು ಕಳುಹಿಸುವುದು ನನಗೆ ಸರಿ ಕಾಣಲಿಲ್ಲ. (ರಾಯಚೂರಿನ ಓದುಗರು)

ಉತ್ತರ: ನನಗೂ ಅದು ಪೂರ್ತಿ ಸಮಾಧಾನ ಕೊಟ್ಟಿಲ್ಲ. ರೇಮಂಡ್ ಸಂಸ್ಥೆಗೆ ಸೇರಿದ್ದರ ಹಿಂದಿನ ಕಥೆ ನೆನಪಿರಬೇಕು. ಹೋಟೆಲಿನ ಸ್ನಾನದ ಕೋಣೆಯಲ್ಲಿ ಚಾರ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದಾಗ ಅಣ್ಣ ಕಿರುಚಿಕೊಳ್ಳುತ್ತಾನೆ. ಬಿಸಿನೀರು ಪುಟ್ಟ ಚಾರ್ಲಿಯನ್ನು ಸುಟ್ಟೀತೆಂಬ ಹಳೆಯ ಭಯ ಅದು, ಅದೇ ಭಯಕ್ಕೆ ಅವನನ್ನು ಮನೆಯಿಂದ ದೂರ ಕಳುಹಿಸಲಾಗಿತ್ತು. ತಾನು ಬಾಲ್ಯದ ಕಾಲ್ಪನಿಕ ಗೆಳೆಯನೆಂದುಕೊಂಡಿದ್ದ ‘ರೇನ್ ಮ್ಯಾನ್’ ಎಂಬಾತ, ತೊದಲುನುಡಿಯಲ್ಲಿ ಕರೆದ ‘ರೇಮಂಡ್’ ಎಂದು ಚಾರ್ಲಿಗೆ ತಿಳಿಯುವುದೂ ಆಗಲೇ. ಆಮೇಲೆ ವೈದ್ಯರ ಮುಂದೆ ‘ತಮ್ಮನ ಜೊತೆ ಇರುತ್ತೀಯಾ?’ ಎಂದರೂ ಹೌದು, ‘ವಾಪಸು ಹೋಗುತ್ತೀಯಾ?’ ಎಂದರೂ ಹೌದು ಎನ್ನುವ ಅಣ್ಣನನ್ನು ಮತ್ತೆ ಮತ್ತೆ ಕೇಳಬೇಡಿರೆಂದು ಚಾರ್ಲಿಯೇ ತಡೆಯುತ್ತಾನೆ. ಹಣಕ್ಕಾಗಿ ಕರೆತಂದವನು ಪ್ರಶ್ನೆಯನ್ನೇ ನಿಲ್ಲಿಸುವ ಆ ಗಳಿಗೆ ನನಗೆ ರೈಲು ನಿಲ್ದಾಣದ ಬೀಳ್ಕೊಡುಗೆಗಿಂತ ದೊಡ್ಡದಾಗಿ ಕಾಣುತ್ತದೆ. ಸಂಸ್ಥೆ ಮತ್ತು ಮನೆ ಎಂಬ ಎರಡೇ ದಾರಿಗಳು 1988ರ ಚಿತ್ರಕ್ಕೆ ತೋಚಿದವು. ನಮ್ಮ ಕಡೆಯ ಹೆಚ್ಚಿನ ಊರುಗಳಲ್ಲಿ ಮೊದಲನೆಯದೂ ಇಲ್ಲ ಎಂಬುದು ಬೇರೆ ಮಾತು.

ಪ್ರಶ್ನೆ: ನನ್ನ ತಮ್ಮನಿಗೆ ಆಟಿಸಂ ಇದೆ. ಅವನನ್ನು ಕೂಡಿಸಿಕೊಂಡು ಈ ಚಿತ್ರ ನೋಡಬಹುದೇ? (ಗಂಗಾವತಿಯ ಓದುಗರು)

ಉತ್ತರ: ಅಗತ್ಯವಾಗಿ ನೋಡಬಹುದು. ಚಿತ್ರ ಎರಡು ಗಂಟೆಗೂ ಮೀರಿದ್ದು, ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ತಾವು ಮುಂಚೆ ಒಬ್ಬರೇ ನೋಡಿಟ್ಟುಕೊಳ್ಳಿ. ಕೊನೆಯ ಭಾಗದಲ್ಲಿ ಅಡುಗೆಮನೆಯ ಹೊಗೆಗೆ ಅಲಾರಾಂ ಕೂಗಿ ರೇಮಂಡ್ ಕಿವಿ ಮುಚ್ಚಿಕೊಂಡು ತಲೆ ಬಡಿದುಕೊಳ್ಳುವ ದೃಶ್ಯವಿದೆ. ಕರ್ಕಶ ಸದ್ದಿಗೆ ತಮ್ಮ ತಮ್ಮನೂ ಬೆದರುವವನಾದರೆ, ಆ ದೃಶ್ಯ ಬರುವ ಮೊದಲೇ ಸದ್ದನ್ನು ಪೂರ್ತಿ ಇಳಿಸಿ. ರಿಮೋಟನ್ನು ಅವನ ಕೈಗೇ ಕೊಟ್ಟು, ಯಾವ ಗುಂಡಿ ಒತ್ತಿದರೆ ಚಿತ್ರ ನಿಲ್ಲುತ್ತದೆಂದು ಮೊದಲೇ ತೋರಿಸಿಕೊಟ್ಟರೆ ಇನ್ನೂ ಒಳ್ಳೆಯದು.