ಬೆಂಡೆಕಾಯಿಯಲ್ಲಿ ಅಚ್ಚು ಒತ್ತಿಸಿದರೆ ಮಕ್ಕಳು ಬೆಂಡೆಕಾಯಿ ತಿಂತಾರಾ?

"5 ವರ್ಷದ ಮಗ ಮೊಸರನ್ನ ಬಿಟ್ಟು ಬೇರೇನೂ ಮುಟ್ಟಲ್ಲ. ಚಿತ್ರ ಬರೆಯೋದು, ಕತ್ತರಿಸಿ ಅಂಟಿಸೋದು ಅಂದ್ರೆ ಪ್ರಾಣ. ಅದರಲ್ಲೇ ಒಳ್ಳೆಯ ಊಟದ ಬಗ್ಗೆ ಕಲಿಸಬಹುದಾ?" ಎಂದು ಕೇಳಿದ್ದೀರಿ. ಕಲಿಸಬಹುದು. ಆದರೆ ಬೆಳಿಗ್ಗೆ ಕ್ಯಾರೆಟ್ ಚಿತ್ರ ಬರೆಸಿದರೆ ರಾತ್ರಿ ಕ್ಯಾರೆಟ್ ಪಲ್ಯ ತಿಂದುಬಿಡುತ್ತಾನೆ ಅಂದುಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡಿದ್ದೆ.

ಮಗಳಿಗೆ ನಾಲ್ಕೂವರೆ ಇದ್ದಾಗ ದೊಡ್ಡ ಚಾರ್ಟ್ ಮಾಡಿದ್ದೆವು. ಒಂದು ಕಡೆ "ತಿನ್ನಬೇಕು", ಇನ್ನೊಂದು ಕಡೆ "ತಿನ್ನಬಾರದು". ಬಣ್ಣ ತುಂಬಿದ್ದು ಅವಳೇ. ತಿನ್ನಬಾರದ ಕಡೆಯ ಚಿಪ್ಸ್ ಪ್ಯಾಕೆಟ್ಟಿಗೆ ಎಷ್ಟು ಚಂದ ಬಣ್ಣ ಹಾಕಿದ್ದಳೆಂದರೆ, ಅದನ್ನು ನೋಡಿದಾಗಲೆಲ್ಲ ಚಿಪ್ಸ್ ಬೇಕೆಂದು ಹಟ. ಎರಡೇ ವಾರಕ್ಕೆ ಚಾರ್ಟ್ ಗೋಡೆಯಿಂದ ಇಳಿಯಿತು.

ಕೆಲಸಕ್ಕೆ ಬಂದದ್ದು ಚಿತ್ರದ ತರಕಾರಿ ಅಲ್ಲ, ನಿಜವಾದ ತರಕಾರಿ. ಬೆಂಡೆಕಾಯಿಯಿಂದ ಶುರು ಮಾಡಿ. ಬಲಿತದ್ದೇ ಸಾಕು, ಅದು ಹೇಗೂ ಹುಳಿಗೆ ಆಗಲ್ಲ. ಅಡ್ಡಕ್ಕೆ ಕತ್ತರಿಸಿ, ಲೋಳೆಯನ್ನು ಬಟ್ಟೆಯಲ್ಲಿ ಒರೆಸಿ, ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತಿ. ಐದು ಮೂಲೆಯ ಹೂವು ಮೂಡುತ್ತದೆ. ಒರೆಸದಿದ್ದರೆ ಬಣ್ಣ ಜಾರಿ ಹೂವೆಲ್ಲ ಮುದ್ದೆ. ಕರಾವಳಿ ಕಡೆಯ ಊರ ಬೆಂಡೆ ಸಿಕ್ಕಿದರೆ ಮೂಲೆ ಏಳೆಂಟು ಇರುತ್ತವೆ, ಎಣಿಸುವುದೇ ಒಂದು ಆಟ. ಈರುಳ್ಳಿಯಲ್ಲಿ ಉಂಗುರದೊಳಗೆ ಉಂಗುರ. ಹಾಗಲಕಾಯಿಯ ಅಂಚು ಗರಗಸದ ಹಾಗೆ.

ಬಣ್ಣವೂ ಅಡುಗೆಮನೆಯದೇ ಆದರೆ ಒಳ್ಳೆಯದು. ತುರಿದ ಬೀಟ್‌ರೂಟ್ ಹಿಂಡಿದ ರಸ, ನೀರಲ್ಲಿ ಕಲಸಿದ ಅರಿಶಿನ. ಮಲೆನಾಡಿನವರಾದ ನಮ್ಮ ಅತ್ತೆ ಬಸಳೆ ಹಣ್ಣು ಹಿಸುಕಿ ನೇರಳೆ ಶಾಯಿ ಮಾಡಿಕೊಟ್ಟರು. ಅವರ ಬಾಲ್ಯದ ಆಟವಂತೆ. ಮಗಳ ಕೈ ಎರಡು ದಿನ ನೇರಳೆಯಾಗೇ ಇತ್ತು. ಬೀಟ್‌ರೂಟ್ ಬಣ್ಣ ಬೇಗ ಮಾಸುತ್ತದೆ, ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಳು.

ಇದರಿಂದ ಆಗುವುದು ಇಷ್ಟೇ: ತರಕಾರಿಯ ಪರಿಚಯ. ಹೊಸ ತಿನಿಸನ್ನು ಮಕ್ಕಳು ಒಪ್ಪಬೇಕಾದರೆ 8-10 ಸಲ, ಕೆಲವು ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಸಲ, ಅದು ಎದುರಿಗೆ ಬರಬೇಕಂತೆ. ನಾವು ಎರಡು ಸಲ ಬಡಿಸಿ "ಇವಳಿಗೆ ಇದು ಸೇರಲ್ಲ" ಎಂದು ಷರಾ ಬರೆದುಬಿಡುತ್ತೇವೆ, ಅಲ್ವಾ? ಮುಟ್ಟಿದ್ದು, ಮೂಸಿದ್ದು, ಲೋಳೆ ಒರೆಸಿದ್ದು ಕೂಡ ಆ ಪರಿಚಯವೇ. ನಮ್ಮವಳಿಗೆ ಬೆಂಡೆಕಾಯಿಯಲ್ಲಿ ಸೇರದೇ ಇದ್ದದ್ದು ಆ ಲೋಳೆಯೇ. ಕೈಗೆ ರೂಢಿಯಾದ ಮೇಲೆ ಬಾಯಿಗೂ ಬಂತು, ಆದರೆ ಸುಮಾರು ಎರಡು ತಿಂಗಳು ಹಿಡಿಯಿತು. ಮೊದಲು ಹುರಿದದ್ದು, ಆಮೇಲೆ ಗೊಜ್ಜು. ಆಟದ ನಡುವೆ "ಇದು ಆರೋಗ್ಯಕ್ಕೆ ಒಳ್ಳೆಯದು, ಒಂದು ಚೂರು ತಿನ್ನು" ಎಂದು ಮಾತ್ರ ಹೇಳಬೇಡಿ. ಅಲ್ಲಿಗೆ ಆಟ ಮುಗಿಯಿತು.

ಕಾಳಿನ ಚಿತ್ರವೂ ಮಾಡಬಹುದು. ರಾಗಿ, ಹೆಸರುಕಾಳು, ತೊಗರಿಬೇಳೆ ಅಂಟಿಸಿ ನವಿಲು, ಮೀನು. ಅತ್ತೆ ಇದಕ್ಕೆ ಮಾತ್ರ ಒಪ್ಪಲಿಲ್ಲ. "ಉಣ್ಣೋ ಕಾಳಿಗೆ ಗೋಂದು ಬಳೀತೀರಾ?" ಎಂದರು. ಅವರು ಹೇಳಿದ್ದು ಸರಿ ಎಂದೇ ನನಗೂ ಅನಿಸಿತು. ಈಗ ಹುಳ ಬಿದ್ದ ಕಾಳು ಮಾತ್ರ ಬಳಸುತ್ತೇವೆ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಕಾಳಿನ ತಂಟೆಗೇ ಹೋಗಬೇಡಿ. ನನ್ನ ತಂಗಿಯ ಮಗ ಮೂಗಿಗೆ ಹೆಸರುಕಾಳು ಹಾಕಿಕೊಂಡು, ಡಾಕ್ಟರ್ ಹತ್ತಿರ ಓಡಬೇಕಾಯಿತು.

ಕೊನೆಗೆ ತಟ್ಟೆಯ ಆಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದಿನದ ಊಟ ಹೇಗಿರಬೇಕೆಂದು ಒಂದು ತಟ್ಟೆಯ ಚಿತ್ರ ಕೊಟ್ಟಿದ್ದಾರೆ. ಅದರಲ್ಲಿ ಸುಮಾರು ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು. ಉಳಿದ ಅರ್ಧದಲ್ಲಿ ಧಾನ್ಯ, ಬೇಳೆಕಾಳು, ಹಾಲು-ಮೊಸರು ಇತ್ಯಾದಿ. ರಟ್ಟನ್ನು ತಟ್ಟೆಯ ಹಾಗೆ ದುಂಡಗೆ ಕತ್ತರಿಸಿ, ಇವತ್ತು ಮನೆಯಲ್ಲಿ ಯಾರು ಏನು ತಿಂದರು ಅಂತ ಬಣ್ಣದ ಕಾಗದ ಅಂಟಿಸಲು ಹೇಳಿ. ನಮ್ಮವಳು ಅಪ್ಪನ ತಟ್ಟೆ ಮಾಡಿದಳು. ಪೂರ್ತಿ ಬಿಳಿ ಕಾಗದ, ಮಧ್ಯದಲ್ಲಿ ಸಾರಿನ ಕಂದು ಗುಂಡಿ, ಅಂಚಿನಲ್ಲಿ ಉಗುರಿನಷ್ಟು ಹಸಿರು. "ಇದೇನು?" ಎಂದು ಕೇಳಿದರೆ "ಅಪ್ಪ ಪಕ್ಕಕ್ಕೆ ಎತ್ತಿಟ್ಟ ಕರಿಬೇವು" ಎಂದಳು. ಅವತ್ತು ರಾತ್ರಿ ನಮ್ಮೆಜಮಾನರು ಕೇಳದೇ ಎರಡು ಸೌಟು ಹುರುಳಿಕಾಯಿ ಪಲ್ಯ ಬಡಿಸಿಕೊಂಡರು.

ಬದನೆಕಾಯಿಯನ್ನು ಮಗಳು ಇನ್ನೂ ಮುಟ್ಟಿಲ್ಲ. ಅದರ ಚಿತ್ರ ಮಾತ್ರ ಫ್ರಿಜ್ಜಿನ ಬಾಗಿಲ ಮೇಲಿದೆ.