ಮುಟ್ಟುವ ಮೊದಲು ಎಷ್ಟು ಹೊತ್ತು ಕಾಯಬೇಕು?

ನಾನು ಉದ್ಯೋಗ ಸಲಹೆಗಾರಳು. ಸೋಲಾರ್ ಕೋರ್ಸಿಗೆ ದುಡ್ಡು ಕಟ್ಟಲೋ ಬೇಡವೋ ಎಂದು ನನ್ನ ಹತ್ತಿರ ಕೇಳಿಕೊಂಡು ಬರುವ ಹುಡುಗರಲ್ಲಿ ಬಹುಪಾಲು ವಿಜಯಪುರ, ಕಲಬುರಗಿ ಕಡೆಯವರು. ಪುಣೆ ಪಕ್ಕದ ಪಿಂಪರಿ-ಚಿಂಚವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸಕ್ಕಿರುವವರು. ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡು 2024ರ ಫೆಬ್ರವರಿಯಲ್ಲಿ ಮನೆಯ ಚಾವಣಿ ಸೋಲಾರಿಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು. ಸೋಲಾರ್ ಎಂದರೆ ನೌಕರಿ ಎಂಬ ಮಾತು ಅವರ ಕಿವಿಗೂ ಬಿದ್ದಿದೆ. ಮಾತು ಸುಳ್ಳಲ್ಲ, ಅರ್ಧ ನಿಜ. ಈಗ ಹೇಳಹೊರಟ ಪ್ರಕರಣದಲ್ಲಿ ಕೊಟ್ಟ ಸಲಹೆಯ ಬಗ್ಗೆ ನನಗೆ ಅನುಮಾನವಿಲ್ಲ. ಕೊಡದೇ ಬಿಟ್ಟ ಸಲಹೆ ಕೊರೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ವಯಸ್ಸು, ಮೊತ್ತ ಬದಲಿಸಿದ್ದೇನೆ.

ಹುಡುಗ ಇಂಡಿ ತಾಲೂಕಿನವನು, 27 ವರ್ಷ. ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಭೋಸರಿಯಲ್ಲಿ ಎಂಜಿನ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷದಿಂದ ಮೇಂಟೆನೆನ್ಸ್ ಕೆಲಸದಲ್ಲಿದ್ದ. ಹೆಂಡತಿ, ಒಂದು ಮಗು, ಬಾಡಿಗೆ ಖೋಲಿ. "ಡೀಸೆಲ್ ಎಂಜಿನ್ನಿನ ಕಾಲ ಮುಗೀತ್ರಿ ಅಕ್ಕೋರ" ಎನ್ನುವುದು ಅವನ ಭಯ. ಒಂದು ಖಾಸಗಿ ಸಂಸ್ಥೆ 45 ದಿನದಲ್ಲಿ 'ಸೋಲಾರ್ ಎಂಜಿನಿಯರ್' ಮಾಡುತ್ತೇವೆ ಎಂದು 65,000 ರೂಪಾಯಿ ಕೇಳಿತ್ತು. ಜೊತೆಗೆ ಬಂದಿದ್ದ ಸೋದರಮಾವ ಮನೆಯ ಚಿನ್ನ ಅಡ ಇಟ್ಟು ಆ ಹಣ ಕೊಡಲು ತಯಾರಿದ್ದರು.

ಮೊದಲ ಭೇಟಿಯಲ್ಲಿ ಹೇಳಿದ್ದು ಎಲ್ಲರಿಗೂ ಹೇಳುವುದೇ. ಸರ್ಟಿಫಿಕೇಟಿನ ಮೇಲೆ ಕೆಲಸದ ಕೋಡ್ ಇದೆಯೇ ಎಂದು ಕೇಳು. ಸೋಲಾರ್ ಪಿವಿ ಇನ್‌ಸ್ಟಾಲರ್ (ಪ್ಯಾನಲ್ ಜೋಡಿಸುವವ) ಅಂದರೆ ಸೂರ್ಯಮಿತ್ರ, ಅದಕ್ಕೆ ಎಸ್‌ಜಿಜೆ/ಕ್ಯೂ0101 ಎಂಬ ಕೋಡ್ ಇದೆ. ಹಸಿರು ಉದ್ಯೋಗಗಳ ಕೌಶಲ ಮಂಡಳಿಯ ಹೆಸರೂ ಇರಬೇಕು. ಎರಡೂ ಇಲ್ಲದಿದ್ದರೆ 'ಎಂಜಿನಿಯರ್' ಎಂದು ಅಚ್ಚು ಹಾಕಿಸಿದ ಕಾಗದಕ್ಕೆ ಮದುವೆ ಕಾರ್ಡಿನಷ್ಟೇ ಬೆಲೆ. ಕೇಂದ್ರ ಸರ್ಕಾರದ ಸೂರ್ಯಮಿತ್ರ ತರಬೇತಿ 600 ಗಂಟೆಯದು, ಸುಮಾರು ಮೂರು ತಿಂಗಳು, ಊಟ ವಸತಿ ಸೇರಿ ಉಚಿತ. ಹತ್ತನೇ ಇಯತ್ತೆಯ ಮೇಲೆ ಎಲೆಕ್ಟ್ರಿಷಿಯನ್, ವೈರ್‌ಮನ್, ಫಿಟ್ಟರ್‌ನಂಥ ಐಟಿಐ ಇರಬೇಕು.

ಆಗ ಮಾವ ಕೇಳಿದರು: "ಐಟಿಐ ಇಲ್ಲದವ್ರಿಗೂ ಈ ಪ್ರೈವೇಟಿನವ್ರು ಕೊಡ್ತಾರಂತಲ್ರಿ?"

"ಕೊಡ್ತಾರ್ರಿ, ಅದಕ್ಕೇ ಅದರ ಬೆಲೆ ಕಡಿಮೆ" ಎಂದು ಹೇಳಿ ಮುಂದೆ ಹೋದೆ.

ಎರಡನೇ ಭೇಟಿಯಲ್ಲಿ ಹುಡುಗನ ಮುಂದೆ ಒಂದು ಬಿಳಿ ಹಾಳೆ ಇಟ್ಟೆ. ಚಾವಣಿಯ ಪ್ಯಾನಲಿನಿಂದ ಮನೆಯ ಮೀಟರಿನವರೆಗೆ ಏನೇನು ಬರುತ್ತದೋ ಸಾಲಾಗಿ ಬರೆಯಲು ಹೇಳಿದೆ. ಮೊಬೈಲಿನಲ್ಲಿ ನೋಡಿ ತಿಳಿದಿದ್ದನ್ನೆಲ್ಲ ಬರೆದ: ಪ್ಯಾನಲ್, ಸ್ಟ್ರಕ್ಚರ್, ಎಂಸಿ4 ಕನೆಕ್ಟರ್ (ಪ್ಯಾನಲಿನ ತಂತಿಗಳನ್ನು ಒಂದಕ್ಕೊಂದು ಸಿಕ್ಕಿಸುವ ತುದಿ), ಡಿಸಿ ಕೇಬಲ್, ಡಿಸಿ ಬಾಕ್ಸ್, ಇನ್ವರ್ಟರ್, ಎಸಿ ಕೇಬಲ್, ಎಸಿ ಬಾಕ್ಸ್, ಅರ್ಥಿಂಗ್, ಸಿಡಿಲು ತಡೆ, ನೆಟ್ ಮೀಟರ್. ಹನ್ನೊಂದು. ಪ್ಯಾನಲಿನಿಂದ ಬರುವುದು ಡಿಸಿ ಕರೆಂಟ್, ಅದನ್ನು ಮನೆಗೆ ಬೇಕಾದ ಎಸಿ ಮಾಡುವುದು ಇನ್ವರ್ಟರ್; ಒಳಗೆ ಬಂದ, ಹೊರಗೆ ಹೋದ ಯೂನಿಟ್ ಎರಡನ್ನೂ ಎಣಿಸುವುದು ನೆಟ್ ಮೀಟರ್. ಈಗಾಗಲೇ ಕೈಯಿಂದ ಮಾಡಿ ಗೊತ್ತಿರುವುದಕ್ಕೆ ಗುರುತು ಹಾಕು ಎಂದೆ. ಎಸಿ ಕಡೆಯದೆಲ್ಲ ಹಾಕಿದ, ಅರ್ಥಿಂಗ್ ಹಾಕಿದ, ಸ್ಟ್ರಕ್ಚರಿಗೂ ಹಾಕಿದ. ಇನ್ವರ್ಟರಿನ ಹತ್ತಿರ ಪೆನ್ನು ನಿಂತಿತು.

"ಕಾರ್ಖಾನ್ಯಾಗ ಮೋಟರಿನ ಸ್ಪೀಡ್ ಹಿಡಿಯೋ ಡ್ರೈವ್ ಇರ್ತಾವ್ರಿ. ಅದರ ಒಳಗೂ ಡಿಸಿ ಇರ್ತೈತಿ, 560 ವೋಲ್ಟ್. ಕರೆಂಟ್ ತಗದ ಮ್ಯಾಲೂ ಐದ ನಿಮಿಷ ಕಾದು, ಮೀಟರ್ ಹಚ್ಚಿ ನೋಡೇ ಮುಟ್ಟತೀವಿ."

"ಹಾಗಾದ್ರೆ ಪ್ಯಾನಲಿಗೆ ಎಷ್ಟು ನಿಮಿಷ ಕಾಯ್ತೀಯಪ್ಪಾ?"

ಸ್ವಲ್ಪ ಹೊತ್ತು ಹಾಳೆ ನೋಡಿದ. "ಹೊತ್ತ ಮುಣಗೂ ತನಾರಿ" ಎಂದ. ಮಾವ ನಕ್ಕರು. ಹುಡುಗ ನಗಲಿಲ್ಲ.

65,000 ರೂಪಾಯಿಯ ಕೋರ್ಸಿನ ಸಾರ ಆ ಮಾತಿನಲ್ಲೇ ಇತ್ತು. ಮೂರು ಕಿಲೋವ್ಯಾಟಿನ ಮನೆಗೆ 540 ವ್ಯಾಟಿನ ಆರು ಪ್ಯಾನಲ್ ಬರುತ್ತವೆ. ಒಂದೊಂದರದು ಹತ್ತಿರ ಹತ್ತಿರ 50 ವೋಲ್ಟ್, ಸರಣಿಯಲ್ಲಿ ಜೋಡಿಸಿದರೆ 300. ಬಿಸಿಲಿರುವ ತನಕ ಅದನ್ನು ಆರಿಸುವ ಸ್ವಿಚ್ಚೇ ಇಲ್ಲ. ತಂತಿಯ ಸಂಪರ್ಕ ಬೇರ್ಪಡಿಸುವ ಐಸೊಲೇಟರ್ ತೆಗೆದರೆ ಪ್ರವಾಹ ನಿಲ್ಲುತ್ತದೆ, ತಂತಿಯ ತುದಿಯಲ್ಲಿ ವೋಲ್ಟೇಜ್ ಹಾಗೇ ಕೂತಿರುತ್ತದೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದಿಲ್ಲ, ಕಿಡಿ ಎಳೆದಷ್ಟೂ ಉದ್ದವಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಡಿಸಿ ಬಾಕ್ಸಿನಲ್ಲಿ ಎಸಿ ಎಂಸಿಬಿ ಕೂರಿಸಿದರೆ ಅದು ಟ್ರಿಪ್ ಆಗುವ ಬದಲು ಸುಟ್ಟುಹೋಗಬಹುದು. ಲೋಡ್ ಇರುವಾಗ ಎಂಸಿ4 ಎಳೆಯಬಾರದು. ಅದನ್ನು ಇಕ್ಕಳದಲ್ಲಿ ಒತ್ತಬಾರದು, ಅದರದೇ ಕ್ರಿಂಪಿಂಗ್ ಟೂಲ್ ಬೇಕು. ಒಂದು ಕಂಪನಿಯ ಗಂಡು ತುದಿಗೆ ಇನ್ನೊಂದು ಕಂಪನಿಯ ಹೆಣ್ಣು ತುದಿ ಸಿಕ್ಕಿಸಿದರೆ ಮೇಲ್ನೋಟಕ್ಕೆ ಕೂರುತ್ತದೆ, ಒಳಗೆ ಸಡಿಲ. ಸಡಿಲವಿದ್ದಲ್ಲಿ ಕಾವು, ಕಾವಿನಿಂದ ಬೆಂಕಿ.

ಡ್ರೈವ್ ಮುಟ್ಟುವ ಮುನ್ನ ಐದು ನಿಮಿಷ ಕಾಯುವ ಅಭ್ಯಾಸ ಇರುವವನಿಗೆ ಇದನ್ನು ಕಲಿಸುವುದು ಸುಲಭ. 'ಹಸಿರು ಉದ್ಯೋಗ' ಎಂದು ಹೊಸದಾಗಿ ಹುಟ್ಟಿದ್ದೇನೂ ಇಲ್ಲ, ಹಳೆಯ ಎಲೆಕ್ಟ್ರಿಷಿಯನ್ ಕೆಲಸದ ಮೇಲೆ ಮೂರ್ನಾಲ್ಕು ಸಂಗತಿ ಸೇರಿವೆ. ಅದಕ್ಕೇ ಅವನಿಗೆ ಆ ದುಡ್ಡಿನ ಕೋರ್ಸ್ ಬೇಡ ಎಂದೆ, ಪರ್ಮಿಟ್ ಮಾಡಿಸು ಎಂದೆ. ರಾಜ್ಯದ ಪರವಾನಗಿ ಮಂಡಳಿಯ ವೈರ್‌ಮನ್ ಪರ್ಮಿಟ್ ಅವನ ಹತ್ತಿರ ಇರಲಿಲ್ಲ. ಕಾರ್ಖಾನೆಯೊಳಗೆ ಯಾರೂ ಕೇಳಿರಲಿಲ್ಲ, ಅವನೂ ಮಾಡಿಸಿರಲಿಲ್ಲ. ಕೆಲಸ ಬಿಡುವ ಮೊದಲು ಗುತ್ತಿಗೆದಾರನಿಂದ ಅನುಭವದ ಪತ್ರ ಬರೆಸಿಕೊಳ್ಳಬೇಕು, ಬಿಟ್ಟ ಮೇಲೆ ಫೋನ್ ಎತ್ತುವುದಿಲ್ಲ. ಅವರು ಸತಾಯಿಸಿದರೆ ನಾಲ್ಕು ವರ್ಷ ದುಡಿದದ್ದಕ್ಕೆ ಪಿಎಫ್ ಪಾಸ್‌ಬುಕ್ಕಾದರೂ ಸಾಕ್ಷಿ ಇರಲಿ, ಇಳಿಸಿಕೊಂಡು ಇಟ್ಟುಕೋ ಎಂದೆ. ಭಾನುವಾರಗಳಲ್ಲಿ ಪರವಾನಗಿ ಇರುವ ಇನ್‌ಸ್ಟಾಲರ್ ಒಬ್ಬರ ಕೈಕೆಳಗೆ ಹೆಲ್ಪರ್ ಆಗಿ ಹೋಗಲಿ, ಆರು ಚಾವಣಿಯ ಕೆಲಸ ಶುರುವಿನಿಂದ ಕೊನೆಯವರೆಗೆ ನೋಡಲಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್, ಕ್ರಿಂಪಿಂಗ್ ಟೂಲ್, ಮೈತುಂಬ ಬಿಗಿಯುವ ಹಾರ್ನೆಸ್ ಕೊಳ್ಳಲಿ. ಇಲ್ಲಿನ ಶೆಡ್ಡುಗಳ ಸಿಮೆಂಟ್ ಪತ್ರಾ (ಶೀಟು) ಮೇಲೆ ಹಲಗೆ ಹಾಕದೆ ಕಾಲಿಟ್ಟರೆ ಪತ್ರಾ ಸಮೇತ ಕೆಳಗೆ. ಸೂರ್ಯಮಿತ್ರಕ್ಕೆ ಮಳೆಗಾಲದ ಬ್ಯಾಚ್ ಸಿಕ್ಕರೆ ಒಳ್ಳೆಯದು, ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾವಣಿ ಕೆಲಸ ಹೇಗೂ ಕುಂಟುತ್ತದೆ.

ಸೂರ್ಯಮಿತ್ರ ತರಬೇತಿಯ ಮೂರು ತಿಂಗಳು ಸಂಬಳವಿಲ್ಲ. ಮಾವನಿಗೆ ಹೇಳಿದೆ: ಫೀ ಕೊಡಬೇಡಿ, ಮೂರು ತಿಂಗಳು ಖೋಲಿಯ ಬಾಡಿಗೆ, ರೇಷನ್ ನೋಡಿಕೊಳ್ಳಿ.

"ಫೀ ಕೊಟ್ರ ಒಂದ ಕಾಗದರೆ ಬರ್ತೈತಿ. ಬಾಡಿಗಿ ಕೊಟ್ರ ಏನ್ ಬರ್ತೈತ್ರಿ?"

ನ್ಯಾಯವಾದ ಪ್ರಶ್ನೆ. ಜಿಗಿಯುವ ಹುಡುಗರನ್ನು ಹಿಂದಕ್ಕೆ ಹಿಡಿಯುತ್ತೀರಿ ಎಂಬ ಆಕ್ಷೇಪ ನನ್ನ ಮೇಲೆ ಮೊದಲಿಂದಲೂ ಇದೆ. ಹಿಡಿಯುತ್ತೇನೆ, ಕಾರಣವೂ ಇದೆ. ಸೌರ ವಿದ್ಯುತ್ತಿನಲ್ಲಿ ಕಟ್ಟುವ ಕೆಲಸ ಬೇರೆ, ನೋಡಿಕೊಳ್ಳುವ ಕೆಲಸ ಬೇರೆ. ರೈತರಿಗೆ ಹಗಲು ಕರೆಂಟ್ ಕೊಡಲು ಮಹಾರಾಷ್ಟ್ರ ಸರ್ಕಾರ ಸಬ್‌ಸ್ಟೇಷನ್‌ಗಳ ಹತ್ತಿರ ಕಟ್ಟಿಸುತ್ತಿರುವ ಸೌರ ಸ್ಥಾವರಗಳನ್ನೇ ನೋಡಿ. ಕಂಬ ಹೂಳುವಾಗ, ಪ್ಯಾನಲ್ ಏರಿಸುವಾಗ ಜನ ಬೇಕು. ಕೆಲವೇ ತಿಂಗಳಲ್ಲಿ ಅದು ಮುಗಿಯುತ್ತದೆ, ಆಮೇಲೆ ಅಲ್ಲಿ ಉಳಿಯುವವರು ಕಾವಲಿನವನು, ಪ್ಯಾನಲ್ ತೊಳೆಯುವವರು, ಒಬ್ಬಿಬ್ಬರು ಟೆಕ್ನಿಷಿಯನ್. ಸಾತಾರದ ಚಾಳಕೇವಾಡಿ ಪಠಾರದ ಗಾಳಿಯಂತ್ರಗಳ ಕಥೆಯೂ ಇದೇ. ಚಾವಣಿ ಸೋಲಾರ್ ಹಾಗಲ್ಲ, ಪ್ರತಿ ಮನೆಯೂ ಹೊಸ ಕೆಲಸ. ಆದರೆ ಅಲ್ಲಿ ಕೂಲಿ ಹೆಚ್ಚಾಗಿ ಕಿಲೋವ್ಯಾಟಿನ ಲೆಕ್ಕದಲ್ಲಿ, ತಿಂಗಳ ಪಗಾರವಲ್ಲ. ಯಾವ ನೌಕರಿಯ ಮಾತು ಬಂದರೂ ಇದು ಕಟ್ಟುವುದೋ ನೋಡಿಕೊಳ್ಳುವುದೋ, ಪಗಾರವೋ ಲೆಕ್ಕವೋ ಎಂದು ಮೊದಲು ಕೇಳಿ ಎನ್ನುವುದು ಅದಕ್ಕೆ. ದೋಷ ಎಲ್ಲಿದೆ ಎಂದು ಹುಡುಕಬಲ್ಲವನು ಎರಡೂ ಕಡೆ ಉಳಿಯುತ್ತಾನೆ. ಪ್ಯಾನಲ್ ಎತ್ತಿ ಕೊಡುವವನನ್ನು ಕೆಲಸ ಮುಗಿದ ದಿನವೇ ಕಳಿಸುತ್ತಾರೆ.

ಹುಡುಗ ಒಪ್ಪಿದ. ಮೂರನೇ ಸಲ ಬಂದಾಗ ಅನುಭವ ಪತ್ರ ಕೈಯಲ್ಲಿತ್ತು, ಪರ್ಮಿಟಿಗೆ ಅರ್ಜಿ ಹಾಕಿದ್ದ, ಎರಡು ಚಾವಣಿ ಮುಗಿಸಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ಮಾಮಾ ಬಂಗಾರ ಅಡ ಇಟ್ರು ನೋಡ್ರಿ. ತಮ್ಮ ಮಗನ್ನ ಆ ಪ್ರೈವೇಟ್ ಕೋರ್ಸಿಗೇ ಹಚ್ಯಾರ."

ಮಾವನ ಮಗ ಬಾರಾವಿ, ಅಂದರೆ ಹನ್ನೆರಡನೇ ಇಯತ್ತೆ ಕಾಮರ್ಸ್, ಐಟಿಐ ಇಲ್ಲ. ಮೊದಲ ದಿನ ಅವರು ಕೇಳಿದ್ದು ತಮ್ಮ ಮಗನಿಗಾಗಿ. ನಾನು ಕೊಟ್ಟ ಉತ್ತರ ಅಳಿಯನಿಗೆ. ಮನೆಯವರು ಜೊತೆಗೆ ಬಂದಾಗ ಅವರ ಪ್ರಶ್ನೆ ಯಾರ ಪರವಾಗಿ ಬರುತ್ತಿದೆ ಎಂದು ಕೇಳದೆ ಬಿಟ್ಟದ್ದು ಸಲಹೆಗಾರಳ ತಪ್ಪು, ಅವರದಲ್ಲ. ಅವರನ್ನು ಫೋನಿನಲ್ಲಿ ಕರೆದೆ, ಫೀ ತುಂಬಿಯಾಗಿತ್ತು. ಆದರೂ ಅವತ್ತು ಹೇಳಬೇಕಾಗಿದ್ದನ್ನು ಹೇಳಿದೆ.

ಐಟಿಐ ಇಲ್ಲದವನಿಗೆ ಈ ವ್ಯವಹಾರದಲ್ಲಿ ಜಾಗವಿದೆ, ಅದು ಚಾವಣಿಯ ಮೇಲಲ್ಲ. ಗಿರಾಕಿಯ ಲೈಟ್ ಬಿಲ್ ಓದಿ ಮಂಜೂರಾದ ಲೋಡ್ ಎಷ್ಟು, ತಿಂಗಳಿಗೆ ಎಷ್ಟು ಯೂನಿಟ್ ಎಂದು ನೋಡುವುದು ಮೊದಲ ಪಾಠ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎಂಬ ಲೆಕ್ಕ ಬಾಯಿಗೆ ಬರಬೇಕು. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ನೀರಿನ ಟಾಕಿಯ ನೆರಳು ಎಲ್ಲಿ ಬೀಳುತ್ತದೆಂದು ನಿಂತು ನೋಡಬೇಕು. ಒಂದು ಪ್ಯಾನಲಿನ ಮೇಲೆ ನೆರಳು ಬಿದ್ದರೂ ಇಡೀ ಸರಣಿ ಸೊರಗುತ್ತದೆ. ಸೂರ್ಯ ಘರ್ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ 78,000ಕ್ಕೆ ಮುಗಿಯಿತು. ಅದು ಜೋಡಣೆ ಆದ ಮೇಲೆ ಗಿರಾಕಿಯ ಖಾತೆಗೇ ಬರುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಆಮೇಲೆ ಜಗಳ. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ನೆಟ್ ಮೀಟರ್ ಕಾಗದಪತ್ರ ತುಂಬಲು, ಸೊಸೈಟಿಯ ಚೇರ್ಮನ್ನರ ಜೊತೆ ಮಾತಾಡಲು ಮರಾಠಿ ಓದು ಬರಹ ಬೇಕು. ನಮ್ಮ ಗಡಿ ಕಡೆಯ ಹುಡುಗರು ಮರಾಠಿ ಆಡುತ್ತಾರೆ, ಅರ್ಜಿ ಓದಲು ತಡವರಿಸುತ್ತಾರೆ. ಇಲ್ಲೇ ಶಾಲೆ ಕಲಿತವನಿಗೆ ಆ ತೊಡಕಿಲ್ಲ. ಇದನ್ನೆಲ್ಲ ಕಲಿಯಲು ಫೀ ಬೇಕಿಲ್ಲ, ಇನ್‌ಸ್ಟಾಲರ್ ಒಬ್ಬರ ಆಫೀಸಿನಲ್ಲಿ ಎರಡು ತಿಂಗಳು ಕೂತರೆ ಸಾಕು.

ಮಾವ ಪೂರ್ತಿ ಕೇಳಿಸಿಕೊಂಡರು. "ಅವಂಗ ಮರಾಠಿ ಚಲೋ ಬರ್ತೈತ್ರಿ" ಎಂದರು. ಈಗ ಅಳಿಯ ಭಾನುವಾರ ಹೋಗುವ ಇನ್‌ಸ್ಟಾಲರಿನ ಹತ್ತಿರವೇ ಮಗನೂ ದಿನದ ಕ್ಲಾಸ್ ಮುಗಿಸಿಕೊಂಡು ಸಂಜೆ ಹೋಗಿ ಅರ್ಜಿ ತುಂಬುತ್ತಿದ್ದಾನೆ. ಚಿನ್ನ ಇನ್ನೂ ಬಿಡಿಸಿಲ್ಲ.