ಹಲವು ಫಾರಂಗೆ ಒಂದೇ ರೈತ ಪಟ್ಟಿ: ಆಕ್ಸೆಸ್‌ನಾಗ ಹಿಂಗ್ ಕೂಡಿಸ್ರಿ

ಬ್ಯಾಡಗಿ ಮೆಣಸಿನಕಾಯಿ ಸಂಘದ ಆಕ್ಸೆಸ್ (ಮೈಕ್ರೋಸಾಫ್ಟ್ ಡೇಟಾಬೇಸ್ ಪ್ರೋಗ್ರಾಂ) ಫೈಲಿನಾಗ ನೋಂದಣಿ, ಲಾಟ್ ಆವಕ, ತೂಕ, ಕೋಲ್ಡ್ ಸ್ಟೋರೇಜ್, ಪಾವತಿ ಅಂತ ಐದು ಫಾರಂ ಅದಾವು. ಎಲ್ಲದರ ಮ್ಯಾಲೂ ಅದೇ ಲೋಗೊ, ಅದೇ ರೈತನ ಹೆಸರು, ಊರು, ಮೊಬೈಲ್. ಒಂದು ಬದಲಾದ್ರ ಐದೂ ಕಡೆ ತಿದ್ದಬೇಕು, ಸಬ್‌ಫಾರಂ (ಫಾರಂ ಒಳಗ ಕೂಡಿಸೋ ಇನ್ನೊಂದು ಫಾರಂ) ಹಾಕಿದ್ರ ಆಗ್ತೈತೇನು ಅಂತ ಕೇಳೀರಿ. ಇದಕ್ಕ ಸಬ್‌ಫಾರಂ ಸರಿ, ಆದ್ರ ಎಲ್ಲಾನೂ ಅದರಾಗ ತುರುಕಬ್ಯಾಡ್ರಿ. ಬರೇ ನೋಡೋದು ಸಬ್‌ಫಾರಂನಾಗ ಇರಲಿ, ಒತ್ತೋ ಬಟನ್ ಮುಖ್ಯ ಫಾರಂನಾಗ ಇರಲಿ.

ಲೋಗೊಗೆ ಸಬ್‌ಫಾರಂ ಬೇಕಿಲ್ಲ. ಆಕ್ಸೆಸ್ 2010ರಿಂದೀಚೆಗೆ ಡಿಸೈನ್ ಟ್ಯಾಬಿನಾಗ ಇನ್ಸರ್ಟ್ ಇಮೇಜ್ ಗ್ಯಾಲರಿ ಐತಿ. ಐದೂ ಫಾರಂಗೆ ಚಿತ್ರ ಅಲ್ಲಿಂದನ ಹಾಕ್ರಿ. ಮುಂದ ಗ್ಯಾಲರಿಯೊಳಗಿನ ಚಿತ್ರದ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಕೊಟ್ರ ಎಲ್ಲಾ ಕಡೆ ಬದಲಾಗ್ತೈತಿ.

ಇನ್ನ ರೈತ ಪಟ್ಟಿ, ಅಂದ್ರ ಫಾರಂ ಮ್ಯಾಲೆ ಆ ರೈತನ ಹೆಸರು, ಊರು, ಮೊಬೈಲ್ ತೋರಿಸೋ ಸಣ್ಣ ಸಬ್‌ಫಾರಂ. ರೈತರ ಟೇಬಲ್‌ನಿಂದ ಐಡಿ, ಹೆಸರು, ಊರು, ತಾಲೂಕು, ಮೊಬೈಲ್ ಅಷ್ಟ ಇರೋ ಕ್ವೆರಿ (ಟೇಬಲ್ಲಿನಿಂದ ಬೇಕಾದ್ದಷ್ಟ ಆರಿಸಿ ತೋರಿಸೋದು) ಸೇವ್ ಮಾಡಿ, ಅದರ ಮ್ಯಾಲೆ ಸಣ್ಣ ಫಾರಂ ಕಟ್ರಿ. ಅದರ ಪ್ರಾಪರ್ಟಿ ಶೀಟಿನಾಗ ಡಿಫಾಲ್ಟ್ ವ್ಯೂ ಸಿಂಗಲ್ ಫಾರಂ. ರೆಕಾರ್ಡ್ ಸೆಲೆಕ್ಟರ್, ನ್ಯಾವಿಗೇಶನ್ ಬಟನ್ ಎರಡೂ ನೋ. ಸ್ಕ್ರೋಲ್ ಬಾರ್ ನೀದರ್. ಲಾಟ್ ಫಾರಂ ಡಿಸೈನ್ ವ್ಯೂನಾಗ ತೆಗೆದು, ಈ ಸಣ್ಣ ಫಾರಂನ ಎಡಗಡೆ ನ್ಯಾವಿಗೇಶನ್ ಪೇನಿನಿಂದ ಎಳೆದು ಅದರಾಗ ಬಿಡ್ರಿ. ಲಿಂಕ್ ಮಾಸ್ಟರ್ ಫೀಲ್ಡ್ಸ್, ಲಿಂಕ್ ಚೈಲ್ಡ್ ಫೀಲ್ಡ್ಸ್ ಎರಡಕ್ಕೂ ರೈತ ಐಡಿ. ಸಬ್‌ಫಾರಂ ಕಂಟ್ರೋಲಿನ ಹೆಸರು ಎಲ್ಲಾ ಫಾರಂನಾಗೂ ಒಂದೇ ಇಡ್ರಿ, ‘ರೈತಪಟ್ಟಿ’ ಅನ್ರಿ. ಕೋಡ್‌ನಾಗ ಒಳಗಿನ ಫೀಲ್ಡ್ ಹಿಡಿಯಾಕ ಬೇಕಾಗೋದು ಈ ಕಂಟ್ರೋಲಿನ ಹೆಸರು, ಒಳಗಿನ ಫಾರಂನ ಹೆಸರಲ್ಲ. ಮಂದಿ ಎಡವೋದು ಹೆಚ್ಚು ಇಲ್ಲೇ.

ಆ ಕಂಟ್ರೋಲಿನ ಎನೇಬಲ್ಡ್ ನೋ ಮಾಡೋದು ಮರೀಬ್ಯಾಡ್ರಿ. ಕರ್ಸರ್ ಸಬ್‌ಫಾರಂ ಒಳಗ ಹೋದ ಕೂಡಲೇ ಮುಖ್ಯ ಫಾರಂನ ರೆಕಾರ್ಡ್ ಸೇವ್ ಆಗಿಬಿಡ್ತೈತಿ. ಲಾಟ್ ಅರ್ಧ ತುಂಬಿದ್ರ ಅರ್ಧಕ್ಕ ಸೇವ್ ಆಗ್ತೈತಿ, ಇಲ್ಲಾ ಕಡ್ಡಾಯ ಫೀಲ್ಡ್ ಖಾಲಿ ಅಂತ ಎರರ್ ಬರ್ತೈತಿ. ಬಟನ್ ಅದರೊಳಗ ಇಡಬ್ಯಾಡ್ರಿ ಅಂದಿದ್ದೂ ಇದಕ್ಕ. ಎನೇಬಲ್ಡ್ ನೋ ಇದ್ರ ಲಾಟ್ ಬರೆಯೋರು ಅಪ್ಪಿತಪ್ಪಿ ರೈತನ ಊರು ಬದಲಿಸೋದೂ ತಪ್ಪತೈತಿ. ಸಣ್ಣ ಫಾರಂನ ಅಲೌ ಅಡಿಷನ್ಸ್ ಮಾತ್ರ ಯೆಸ್ ಇರಲಿ. ನೋ ಮಾಡಿದ್ರ, ರೈತನ್ನ ಆರಿಸೋ ಮುಂಚೆ ಆ ಜಾಗ ಪೂರಾ ಬೆಳ್ಳಗ ಕಾಣ್ತೈತಿ, ಫಾರಂ ಕೆಟ್ಟೈತಿ ಅಂತ ಫೋನ್ ಬರ್ತಾವು.

ನೋಂದಣಿ ಫಾರಂಗೆ ಈ ಪಟ್ಟಿ ಹಾಕಬ್ಯಾಡ್ರಿ, ಅಲ್ಲಿ ಮುಖ್ಯ ಫಾರಂ ತಾನೇ ರೈತರ ಟೇಬಲ್ಲಿಗೆ ಕಟ್ಟಿರ್ತೈತಿ. ಫಾರಂ ಕಂಟಿನ್ಯುವಸ್ (ಹಲವು ರೆಕಾರ್ಡ್ ಒಂದರ ಕೆಳಗ ಒಂದು ತೋರಿಸೋದು) ಇದ್ರ, ಸಬ್‌ಫಾರಂ ಡೀಟೇಲ್‌ನಾಗ ಕೂಡೂದಿಲ್ಲ, ಫಾರಂ ಹೆಡರ್‌ನಾಗ ಇಡ್ರಿ.

ಬಟನ್, ತಪಾಸಣೆ ಕೋಡ್ ಐದು ಸಲ ಬರಿಯೋದೂ ಬ್ಯಾಡ. ಸ್ಟ್ಯಾಂಡರ್ಡ್ ಮಾಡ್ಯೂಲ್‌ನಾಗ ಪಬ್ಲಿಕ್ ಫಂಕ್ಷನ್ ಒಂದು ಬರೆದು, ಇವೆಂಟ್ ಪ್ರಾಪರ್ಟಿಯೊಳಗ ‘ಇವೆಂಟ್ ಪ್ರೊಸೀಜರ್’ ಬದಲಿಗೆ ಸಮ ಚಿಹ್ನೆ ಹಾಕಿ ಅದರ ಹೆಸರು, ಕೊನೆಗೆ () ಕೊಡ್ರಿ. ಸಬ್ ಆಗಿದ್ರ ನಡಿಯೂದಿಲ್ಲ, ಫಂಕ್ಷನ್ನೇ ಇರಬೇಕು. ಹಾಂ, ಮೊಬೈಲ್ ಫೀಲ್ಡ್ ಶಾರ್ಟ್ ಟೆಕ್ಸ್ಟ್ ಇರಲಿ. ಲಾಂಗ್ ಇಂಟೀಜರ್ 2,147,483,647ಕ್ಕ ನಿಂತುಬಿಡ್ತೈತಿ, ನಮ್ಮ 9ರಿಂದ ಶುರುವಾಗೋ ನಂಬರ್ ಅದರಾಗ ಹಿಡಿಯೂದಿಲ್ಲ.

ಎಚ್ಚರಿಕೆ ಮಾತು ಕನ್ನಡದಾಗ ಬೇಕಂದ್ರ ಕೋಡ್ ಒಳಗ ಬರೀಬ್ಯಾಡ್ರಿ. ವಿಬಿಎ ಎಡಿಟರ್ (ಆಕ್ಸೆಸ್ ಕೋಡ್ ಬರಿಯೋ ಜಾಗ) ಯೂನಿಕೋಡ್ ಕನ್ನಡ ತಗೊಳ್ಳೂದಿಲ್ಲ, ಮೆಸೇಜ್ ಬಾಕ್ಸ್‌ನಾಗೂ ಬರೇ ಪ್ರಶ್ನಾರ್ಥಕ ಚಿಹ್ನೆ ಸಾಲು ಬರ್ತೈತಿ. ‘ಸಂದೇಶ’ ಅಂತ ಟೇಬಲ್ ಮಾಡಿ ಮಾತು ಅದರಾಗ ಇಟ್ಟು, ಡಿಲುಕಪ್ (DLookup, ಟೇಬಲ್ಲಿನಿಂದ ಒಂದು ಮೌಲ್ಯ ಹುಡುಕಿ ತರೋ ಫಂಕ್ಷನ್) ಬಳಸಿ ತಂದು ಫಾರಂನ ಲೇಬಲ್‌ನಾಗ ತೋರಿಸ್ರಿ. ಮಾತು ತಿದ್ದೋದೂ ಒಂದೇ ಕಡೆ ಆಗ್ತೈತಿ.

ಫೈಲ್ ಫ್ರಂಟ್-ಎಂಡ್ (ಫಾರಂ, ಕೋಡ್ ಇರೋದು), ಬ್ಯಾಕ್-ಎಂಡ್ (ಟೇಬಲ್ ಇರೋದು) ಅಂತ ಒಡೆದಿದ್ರ, ಪಟ್ಟಿಯ ಸಣ್ಣ ಫಾರಂ ತಿದ್ದಿದ ಮ್ಯಾಲೆ ಹೊಸ ಫ್ರಂಟ್-ಎಂಡ್ ಪ್ರತಿ ಕಂಪ್ಯೂಟರ್‌ಗೂ ಕಾಪಿ ಮಾಡ್ರಿ. ಇಲ್ಲಂದ್ರ ತೂಕದ ಕೋಣೆಯೊಳಗ ಹಳೇ ಪಟ್ಟಿನ ಕಾಣ್ತಿರ್ತೈತಿ.